ನೀರಿನಲ್ಲಿ ಕರಗಿದ ಲೋಹ: ಹೊರತೆಗೆಯುವುದು ಹೇಗೆ? ಎಲ್ಲಿಡುವುದು?

ಬೆಂಗಳೂರು: ನಲ್ಲಿ, ಬೈಕಿನ ಹ್ಯಾಂಡಲ್, ಯಂತ್ರಗಳ ಬಿಡಿಭಾಗ ಇವುಗಳಿಗೆ ಹೊಳಪು ಬರುವುದು ವಿದ್ಯುಲ್ಲೇಪನದಿಂದ. ಲೇಪನವಾದ ಬಳಿಕ ಅವನ್ನು ತೊಳೆದ ನೀರಿನಲ್ಲಿ ಕ್ರೋಮಿಯಂ, ನಿಕ್ಕಲ್, ಸತು, ತಾಮ್ರದಂಥ ಲೋಹಗಳು ಉಳಿಯುತ್ತವೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಇಂಥ ಸಣ್ಣ ಘಟಕಗಳು ಅನೇಕ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಅಧ್ಯಯನಗಳು ದಾಖಲಿಸಿವೆ.

ಚರಂಡಿಯ ಕಲ್ಮಶ ಕಾಲಕ್ರಮೇಣ ಕೊಳೆತು ಹೋಗುತ್ತದೆ. ಲೋಹ ಕೊಳೆಯುವುದಿಲ್ಲ, ನೀರನ್ನು ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ (ಐಎಸ್ 10500) ಪ್ರಕಾರ ಲೀಟರಿಗೆ ಕ್ರೋಮಿಯಂ 0.05 ಮಿಲಿಗ್ರಾಂ, ನಿಕ್ಕಲ್ 0.02 ಮಿಲಿಗ್ರಾಂ, ಸೀಸ 0.01 ಮಿಲಿಗ್ರಾಂ ಮೀರುವಂತಿಲ್ಲ.

ಸುಣ್ಣದ ಕೆಲಸ

ಕರಗಿದ ಲೋಹವನ್ನು ಕರಗದ ಘನರೂಪಕ್ಕೆ ತರುವುದೇ ರಾಸಾಯನಿಕ ಪ್ರಕ್ಷೇಪನ. ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಬೆರೆಸಿ ನೀರಿನ ಕ್ಷಾರತೆ ಹೆಚ್ಚಿಸಿದಾಗ ಲೋಹ ಹೈಡ್ರಾಕ್ಸೈಡ್ ಆಗಿ ಬೇರ್ಪಡುತ್ತದೆ.

ಕ್ರೋಮಿಯಂಗೆ ಇದೊಂದೇ ಸಾಲದು. ಹಳದಿ ಬಣ್ಣದ, ಕ್ಯಾನ್ಸರ್‌ಕಾರಕ ಷಟ್‌ವೇಲೆನ್ಸಿ ಕ್ರೋಮಿಯಂ ಸುಣ್ಣಕ್ಕೆ ಬಗ್ಗುವುದಿಲ್ಲ. ಮೊದಲು ಆಮ್ಲ ಸೇರಿಸಿ ಪಿಎಚ್ ಮಟ್ಟವನ್ನು 2ರಿಂದ 3ಕ್ಕೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಬೇಕು. ಆಗ ಅದು ಹಸಿರು ಬಣ್ಣದ ತ್ರಿವೇಲೆನ್ಸಿ ರೂಪ ತಾಳುತ್ತದೆ. ನಂತರ ಪಿಎಚ್ 8ರಿಂದ 9ಕ್ಕೆ ಏರಿಸಿದರೆ ಘನವಾಗಿ ಬೇರ್ಪಡುತ್ತದೆ.

ನಿಕ್ಕಲ್‌ಗೆ ಪಿಎಚ್ 10ರ ಆಸುಪಾಸು ಬೇಕು. ಕ್ಷಾರ ಅತಿಯಾದರೆ ಕ್ರೋಮಿಯಂ, ಸತು ಮತ್ತೆ ಕರಗುತ್ತವೆ. ಆದ್ದರಿಂದ ಎಲ್ಲ ತೊಳೆನೀರನ್ನೂ ಒಂದೇ ತೊಟ್ಟಿಗೆ ಸುರಿಯುವುದು ಸಲ್ಲದು. ಸಯನೈಡ್ ಇರುವ ನೀರಿಗೆ ಆಮ್ಲ ತಗುಲಿದರಂತೂ ಪ್ರಾಣಾಂತಕ ಅನಿಲ ಹೊಮ್ಮುತ್ತದೆ. ಆ ನೀರನ್ನು ಪ್ರತ್ಯೇಕವಾಗಿಟ್ಟು, ಕ್ಷಾರ ಸ್ಥಿತಿಯಲ್ಲಿ ಕ್ಲೋರಿನ್‌ನಿಂದ ಸಂಸ್ಕರಿಸಬೇಕು.

ಗುಳ್ಳೆಗಳ ನೆರವು

ಹೀಗೆ ಬೇರ್ಪಟ್ಟ ಕಣಗಳು ಬಲು ಹಗುರ. ತಳ ಸೇರಲು ಗಂಟೆಗಳೇ ಬೇಕಾಗಬಹುದು. ಇಲ್ಲಿ ತೇಲಿಸುವ ವಿಧಾನ ನೆರವಾಗುತ್ತದೆ. ಗಣಿಗಳಲ್ಲಿ ಅದಿರನ್ನು ನೊರೆಯ ಮೂಲಕ ಬೇರ್ಪಡಿಸುವ ತತ್ವವೇ ಇದಕ್ಕೂ ಆಧಾರ. ಕಣಗಳನ್ನು ಪಾಲಿಮರ್‌ನಿಂದ ಗುಂಪುಗೂಡಿಸಿ, ಹೆಚ್ಚಿನ ಒತ್ತಡದಲ್ಲಿ ಗಾಳಿ ಕರಗಿಸಿದ ನೀರನ್ನು ತೊಟ್ಟಿಗೆ ಬಿಡಲಾಗುತ್ತದೆ. ಒತ್ತಡ ತಗ್ಗಿದೊಡನೆ ಅತಿಸೂಕ್ಷ್ಮ ಗುಳ್ಳೆಗಳು ಮೂಡಿ, ಕಣಗಳಿಗೆ ಅಂಟಿಕೊಂಡು ಮೇಲಕ್ಕೆ ಒಯ್ಯುತ್ತವೆ. ಮೇಲೆ ಕಟ್ಟಿದ ಪದರವನ್ನು ಕೆರೆದು ತೆಗೆದರಾಯಿತು. ಜಾಗ ಕಡಿಮೆ ಸಾಕು. ಆದರೆ ವಿದ್ಯುತ್ ಮತ್ತು ನುರಿತ ನಿರ್ವಹಣೆ ಬೇಕು.

ಉಳಿಯುವ ಕೆಸರು

ಎರಡೂ ವಿಧಾನಗಳಲ್ಲಿ ಲೋಹ ನಾಶವಾಗುವುದಿಲ್ಲ, ನೀರಿನಿಂದ ಕೆಸರಿಗೆ ವರ್ಗವಾಗುತ್ತದೆ ಅಷ್ಟೆ. ವಿದ್ಯುಲ್ಲೇಪನ ಘಟಕದ ಸಂಸ್ಕರಣಾ ಕೆಸರು 2016ರ ನಿಯಮಗಳನ್ವಯ ಅಪಾಯಕಾರಿ ತ್ಯಾಜ್ಯ. ಅದನ್ನು ಹಿಂಡಿ ಒಣಗಿಸಿ, ಅಧಿಕೃತ ವಿಲೇವಾರಿ ಕೇಂದ್ರಕ್ಕೇ ಕಳುಹಿಸಬೇಕು. ರಾಜಕಾಲುವೆಗೋ ಖಾಲಿ ನಿವೇಶನಕ್ಕೋ ಸುರಿದರೆ, ಆಮ್ಲೀಯ ನೀರು ತಗುಲಿದಾಗ ಲೋಹ ಪುನಃ ಕರಗಿ ಹರಿಯುತ್ತದೆ.

ಪೀಣ್ಯದ ಒಂದು ಭಾಗದ ನೀರು ವೃಷಭಾವತಿ ಸೇರುತ್ತದೆ. ಅಲ್ಲಿಂದ ಬಿಡದಿ ಸಮೀಪದ ಬೈರಮಂಗಲ ಕೆರೆಗೆ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ ಅದರ ಹಾದಿ. ಬೈರಮಂಗಲದ ಸುತ್ತ ಹೊಲಗಳಿಗೆ ಹಾಯುವುದೂ ಈ ನೀರೇ. ಹೊರಬಿಟ್ಟ ನೀರು ತಿಳಿಯಾಗಿ ಕಂಡಮಾತ್ರಕ್ಕೆ ಅದು ಶುದ್ಧವೆನ್ನಲಾಗದು. ಪ್ರಯೋಗಾಲಯದ ವರದಿಯ ಜೊತೆಗೆ, ಕೆಸರು ಎಷ್ಟು ಹುಟ್ಟಿತು, ಎಲ್ಲಿಗೆ ಹೋಯಿತು ಎಂಬ ಲೆಕ್ಕವೂ ಇದ್ದಾಗಲೇ ಸಂಸ್ಕರಣೆ ಪೂರ್ಣ.