ತೇವದ ಕಾಗದದಲ್ಲಿ ಮೂಡಿದ ಶಿಲ್ಪ

ಕಾಗದಕ್ಕೂ ನೀರಿಗೂ ಹುಟ್ಟುವೈರವೆಂಬುದು ಲೋಕಪ್ರತೀತಿ. ಮಳೆಯಲ್ಲಿ ತೊಯ್ದ ಓಲೆಯ ಗತಿಯೇನಾಗುವುದೆಂಬುದನ್ನು ಅರಿಯದವರಾರು? ಆದರೆ ಅದೇ ನೀರನ್ನು ಮಿತವಾಗಿ ಬಳಸಿ, ಮಕ್ಕಳಾಟಿಕೆಯೆನಿಸಿದ್ದ ಒಂದು ಕೈಗೆಲಸವನ್ನು ಶಿಲ್ಪದ ಸಮೀಪಕ್ಕೆ ಕೊಂಡೊಯ್ದ ಮಹನೀಯರೊಬ್ಬರು ಜಪಾನು ದೇಶದಲ್ಲಿ ಆಗಿಹೋದರು. ಅವರೇ ಅಕಿರಾ ಯೋಶಿಜಾವಾ.

ಕಾಗದವನ್ನು ಮಡಿಚಿ ಆಕಾರಗಳನ್ನು ರಚಿಸುವ ‘ಓರಿಗಾಮಿ’ ಆ ದೇಶಕ್ಕೆ ಹೊಸದಲ್ಲ. ಒಂದೇ ಹಾಳೆಯಿಂದ ಒಂದಕ್ಕೊಂದು ಕೂಡಿಕೊಂಡಿರುವ ಹಲವು ಕ್ರೌಂಚಪಕ್ಷಿಗಳನ್ನು ಮಾಡುವ ಕ್ರಮವನ್ನು ತಿಳಿಸುವ ಗ್ರಂಥವು ಕ್ಯೋಟೋ ನಗರದಲ್ಲಿ 1797ರಷ್ಟು ಹಿಂದೆಯೇ ಪ್ರಕಟವಾಗಿತ್ತು. ಆದರೆ ಒಣ ಕಾಗದದ ಮಡಿಕೆಗೆ ಸರಳರೇಖೆಯೂ ಚೂಪಾದ ಅಂಚೂ ಸಹಜವಾದುವು. ಪ್ರಾಣಿಯ ಬೆನ್ನಿನ ಇಳಿಜಾರು, ಭುಜದ ತುಂಬುತನ, ಇವು ಅದಕ್ಕೆ ಸುಲಭವಾಗಿ ಒಗ್ಗವು.

ಯೋಶಿಜಾವಾ ಅವರು 1911ನೆಯ ಇಸವಿ ಮಾರ್ಚ್ 14ರಂದು ತೋಚಿಗಿ ಪ್ರಾಂತದ ಹೈನುಗಾರರ ಮನೆಯಲ್ಲಿ ಜನಿಸಿದರು. ಹದಿಮೂರನೆಯ ವಯಸ್ಸಿನಲ್ಲಿ ಟೋಕಿಯೋ ನಗರದ ಕಾರ್ಖಾನೆಯೊಂದನ್ನು ಸೇರಿ, ಮುಂದೆ ಅಲ್ಲಿಯ ಕಿರಿಯ ಕೆಲಸಗಾರರಿಗೆ ಕಾಗದದ ಮಡಿಕೆಗಳಿಂದಲೇ ರೇಖಾಗಣಿತವನ್ನು ಬೋಧಿಸಿದರು. 1937ರಲ್ಲಿ ಆ ಉದ್ಯೋಗವನ್ನು ತ್ಯಜಿಸಿ ಈ ಕಲೆಗೇ ತಮ್ಮನ್ನು ಒಪ್ಪಿಸಿಕೊಂಡರು. ಫಲವಾಗಿ ದೊರೆತುದು ಬಡತನ. ಮನೆಮನೆಗೆ ತಿರುಗಿ ನಂಜಿಕೊಳ್ಳುವ ವ್ಯಂಜನವನ್ನು ಮಾರಿ ಜೀವನ ಸಾಗಿಸಬೇಕಾಯಿತು. 1952ರಲ್ಲಿ ‘ಅಸಾಹಿ ಗ್ರಾಫ್’ ಪತ್ರಿಕೆಯು, ಜಪಾನೀಯರ ವರ್ಷಚಕ್ರಕ್ಕೆ ಸೇರಿದ ಹನ್ನೆರಡು ಪ್ರಾಣಿಗಳನ್ನು ಇವರಿಂದ ಮಾಡಿಸಿ ಪ್ರಕಟಿಸಿದ ಮೇಲೆಯೇ ನಾಡು ಇವರನ್ನು ಗುರುತಿಸಿತು.

ಇವರು ರೂಪಿಸಿದ ತೇವದ ಮಡಿಕೆಯ ಮರ್ಮವು ನಮಗೆ ಅಪರಿಚಿತವಾದುದಲ್ಲ. ಗಂಜಿ ಹಾಕಿದ ಪಂಚೆಯು ನೀರು ಸೋಕಿದೊಡನೆ ಮೆತ್ತಗಾಗಿ, ಒಣಗಿದ ಮೇಲೆ ಮತ್ತೆ ಬಿರುಸಾಗುವುದಷ್ಟೆ. ದಪ್ಪ ಕಾಗದದ ನಾರುಗಳನ್ನು ಬಂಧಿಸಿರುವ ಅಂಟೂ ಹಾಗೆಯೇ. ಹಾಳೆಯನ್ನು ತೋಯಿಸದೆ, ಎಲ್ಲೆಡೆ ಸಮನಾಗಿ ತೇವಗೊಳಿಸಿದರೆ ಆ ಅಂಟು ಸಡಿಲುತ್ತದೆ. ಆಗ ಕಾಗದವು ಬೆರಳು ಹೇಳಿದಂತೆ ಬಾಗುತ್ತದೆ. ಒಣಗುವವರೆಗೆ ಹಿಡಿದಿಟ್ಟರೆ ಆ ಬಾಗು ಸ್ಥಿರವಾಗುತ್ತದೆ. ತೇವವು ಹೆಚ್ಚಿದರೆ ಹಾಳೆ ಹರಿಯುವುದು. ಕಡಮೆಯಾದರೆ ಮಡಿಕೆ ಬಿರಿಯುವುದು.

ಇಲ್ಲಿ ವಿಚಾರಾರ್ಹವಾದ ಸಂಗತಿಯೊಂದುಂಟು. ಮಡಿಕೆಗಳನ್ನು ತುಂಡುಗೆರೆ, ಚುಕ್ಕೆಗೆರೆ, ಬಾಣದ ಗುರುತುಗಳಿಂದ ಸೂಚಿಸುವ ಸಂಕೇತಲಿಪಿಯನ್ನು 1954ರ ತಮ್ಮ ಗ್ರಂಥದಲ್ಲಿ ಪ್ರಚುರಪಡಿಸಿದವರೂ ಇವರೇ. ಅಮೆರಿಕದ ಸ್ಯಾಮ್ಯುಯಲ್ ರಾಂಡ್ಲೆಟ್ ಮುಂತಾದವರು ಪರಿಷ್ಕರಿಸಿದ ಆ ಲಿಪಿಯು ಭಾಷೆಯ ಹಂಗಿಲ್ಲದೆ ದೇಶದೇಶಗಳಿಗೆ ಹಬ್ಬಿತು. ಆದರೆ ಹಾಳೆ ಎಷ್ಟು ತೇವವಾಗಿರಬೇಕು, ಬೆರಳು ಎಷ್ಟು ಒತ್ತಬೇಕೆಂಬುದನ್ನು ಯಾವ ಬಾಣವೂ ತೋರಿಸಲಾರದು. ಬರೆದಿಡಬಹುದಾದುದನ್ನೂ ಬರೆದಿಡಲಾಗದುದನ್ನೂ ಒಬ್ಬರೇ ಕೊಟ್ಟುಹೋದರು.

ಯೋಶಿಜಾವಾ ಅವರು 2005ರಲ್ಲಿ, ತಮ್ಮ ತೊಂಬತ್ತನಾಲ್ಕನೆಯ ಹುಟ್ಟುಹಬ್ಬದ ದಿನವೇ ದಿವಂಗತರಾದರು. ಲಿಪಿಯು ಪುಸ್ತಕಗಳಲ್ಲಿ ಉಳಿದಿದೆ. ಉಳಿದ ಅರ್ಧವು ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟಿದಷ್ಟು ಕಾಲವೇ ಬಾಳುವುದು. ಕೈಯಲ್ಲಿ ನೆಲಸಿರುವ ವಿದ್ಯೆಗಳಿಗೆಲ್ಲ ಈ ಮಾತು ಸಲ್ಲುತ್ತದೆ. ಅವುಗಳನ್ನು ಬಲ್ಲವರು ನಮ್ಮ ನಡುವೆ ಇರುವಾಗಲೇ ಕಲಿತುಕೊಳ್ಳುವುದು ಲೇಸು.