ದಂಟಿನ ಬಂಡಿ

ಪುಟ್ಟ ಮಾದರಿ ವಾಹನಗಳನ್ನು ಕೂಡಿಡುವ ಹವ್ಯಾಸ ವಿಲಾಯತಿಯದೆಂದು ಬಗೆಯುವವರೇ ಹೆಚ್ಚು. ಅದಕ್ಕೆ ಕಾರಣವೂ ಉಂಟು. ಬೆಂಕಿಪೆಟ್ಟಿಗೆಯೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ಶಾಲೆಗೆ ತರಬಹುದೆಂಬ ನಿಯಮವಿದ್ದುದರಿಂದ, ಲಂಡನ್ನಿನ ಇಂಜಿನಿಯರ್ ಜಾಕ್ ಓಡೆಲ್ ತನ್ನ ಮಗಳಿಗೆ ಹಿತ್ತಾಳೆಯ ಚಿಕ್ಕ ರೋಡ್‌ರೋಲರ್ ಮಾಡಿಕೊಟ್ಟನು. 1953ರಲ್ಲಿ 'ಮ್ಯಾಚ್‌ಬಾಕ್ಸ್' ಮಾಲೆ ಹೊರಟಿತು. ಅದರ ಮೊದಲ ಮೂರು ಮಾದರಿಗಳು ರೋಡ್‌ರೋಲರ್, ಡಂಪರ್ ಮತ್ತು ಸಿಮೆಂಟು ಕಲಸುವ ಯಂತ್ರ. ಯುದ್ಧದಲ್ಲಿ ಮುರಿದ ಊರುಗಳನ್ನು ಮತ್ತೆ ಕಟ್ಟುತ್ತಿದ್ದ ಕಾಲವು ಆಟಿಕೆಯಲ್ಲಿಯೂ ಅಚ್ಚೊತ್ತಿತು.

ಅದೇ 1953ರಲ್ಲಿ ಹಿಟ್ನಾಳದ ನೆರೆಯ ಮುನಿರಾಬಾದಿನಲ್ಲಿ ತುಂಗಭದ್ರೆಯ ನೀರು ಕಾಲುವೆಗಿಳಿಯಿತು. ಆದರೆ ಈ ಸೀಮೆಯ ಹುಡುಗರು ಮಾದರಿ ಕಟ್ಟುವುದನ್ನು ಲಂಡನ್ನಿನಿಂದ ಕಲಿಯಬೇಕಾಗಿರಲಿಲ್ಲ. ಜೋಳದ ದಂಟಿನ ಸಿಪ್ಪೆಯನ್ನು ಸೀಳಿದರೆ ಸಿಬಿರು, ಒಳಗಿರುವುದು ಮೆತ್ತನೆಯ ಬೆಂಡು. ಬೆಂಡಿಗೆ ಸಿಬಿರು ಚುಚ್ಚಿದರಾಯಿತು, ಮೊಳೆಯೂ ಬೇಡ, ಅಂಟೂ ಬೇಡ. ಗಾಲಿ, ಅಚ್ಚು, ನೊಗ ಎಲ್ಲವೂ ಕೂಡಿ ಬಂಡಿ ನಿಲ್ಲುತ್ತದೆ. ಕಾರಹುಣ್ಣಿಮೆ ಕಳೆದ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣೆತ್ತು ಮಾಡುವ ನಾಡಿನಲ್ಲಿ ಈ ಕೈಚಳಕ ಅಚ್ಚರಿಯೇನಲ್ಲ.

ವ್ಯತ್ಯಾಸ ಬೇರೆಡೆ ಇದೆ. ಅವರು ಆಟಿಕೆಯನ್ನು ಅದರ ರಟ್ಟಿನ ಪೆಟ್ಟಿಗೆಯೊಡನೆ ಕಾದಿಟ್ಟರು. ನಮ್ಮ ಬಂಡಿ ಎರಡು ದಿನ ಉರುಳಿ ದನದ ಬಾಯಿಗೆ ಹೋಯಿತು. ಹೊಲದಲ್ಲಿ ಟ್ರ್ಯಾಕ್ಟರು ಬಂದ ಮೇಲೆ ದೊಡ್ಡ ಬಂಡಿಯೇ ಅಪರೂಪವಾಗುತ್ತಿದೆ. ಬಂಡಿಯ ಹಿಂದೆಯೇ ಅದರ ಅಂಗಾಂಗಗಳ ಹೆಸರುಗಳೂ ಹೊರಡುತ್ತವೆ. ಆದುದರಿಂದ ಕಾರು, ಲಾರಿಗಳನ್ನು ಕೂಡಿಸುವ ಗೆಳೆಯರಿಗೆ ನನ್ನ ಬಿನ್ನಹವಿಷ್ಟೆ: ಕಪಾಟಿನಲ್ಲಿ ಒಂದು ದಂಟಿನ ಬಂಡಿಗೂ ಎಡೆಮಾಡಿಕೊಡಿ, ಕಟ್ಟಬಲ್ಲ ಹಿರಿಯರು ಇರುವಾಗಲೇ ಅವರಿಂದ ಕಟ್ಟಿಸಿಕೊಂಡು, ಒಂದೊಂದು ಭಾಗದ ಹೆಸರನ್ನೂ ಬರೆದಿಡಿ.