ಕರ್ನಲ್ ಬೈಲಿ: ಪೊಲ್ಲಿಲೂರಿನಿಂದ ಶ್ರೀರಂಗಪಟ್ಟಣದ ಸೆರೆಗೆ

ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯ ದಳಪತಿ ವಿಲಿಯಂ ಬೈಲಿ ಸ್ಕಾಟ್ಲೆಂಡ್ ಮೂಲದವನು. ಎರಡನೇ ಮೈಸೂರು ಯುದ್ಧದಲ್ಲಿ ಗುಂಟೂರಿನಿಂದ ಹೊರಟ ಈತ ಹೆಕ್ಟರ್ ಮನ್ರೋನ ಸೇನೆಯನ್ನು ಕೂಡಿಕೊಳ್ಳಬೇಕಿತ್ತು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರ ಸಮೀಪದ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೇನೆ ಈತನನ್ನು ಸುತ್ತುವರಿಯಿತು. ಮದ್ದಿನ ಬಂಡಿಗಳು ಸಿಡಿದವು. ಮನ್ರೋನ ನೆರವು ಸಕಾಲಕ್ಕೆ ಬರಲಿಲ್ಲ. ಗಾಯಗೊಂಡ ಬೈಲಿ ಶರಣಾದ. 1782ರ ನವೆಂಬರ್ 13ರಂದು ಶ್ರೀರಂಗಪಟ್ಟಣದ ಸೆರೆಯಲ್ಲೇ ಮೃತಪಟ್ಟ.

ಜತೆಗೆ ಸೆರೆಸಿಕ್ಕ ಕ್ಯಾಪ್ಟನ್ ಡೇವಿಡ್ ಬೇರ್ಡ್ 1784ರ ಮಂಗಳೂರು ಒಪ್ಪಂದದಿಂದ ಬಿಡುಗಡೆ ಹೊಂದಿದ. 1799ರ ಮೇ 4ರಂದು ಅದೇ ಕೋಟೆಯ ಮೇಲಿನ ಅಂತಿಮ ದಾಳಿಯ ನೇತೃತ್ವ ವಹಿಸಿದ.

ಕೋಟೆಯೊಳಗಿನ ನೆಲಮಾಳಿಗೆ ಸೆರೆಮನೆಯೊಂದು ಇಂದಿಗೂ ಬೈಲಿಯ ಹೆಸರನ್ನು ಹೊತ್ತಿದೆ. ಗುಂಬಜ್ ಬಳಿ 1816ರಲ್ಲಿ ನಿರ್ಮಿಸಿದ ಸ್ಮಾರಕವಿದೆ. ಪೊಲ್ಲಿಲೂರಿನ ಸೋಲು ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರದಲ್ಲಿ ಉಳಿದಿದೆ.